ಕಾಡು ಯೀಸ್ಟ್: ಹಿಡಿಯುವುದು, ಆರಿಸುವುದು, ಕೆಲಸಕ್ಕೆ ಹಚ್ಚುವುದು

ದ್ರಾಕ್ಷಿಯ ಮೇಲೆ ಬೂದಿ ಸವರಿದ ಹಾಗೆ ಬಿಳಿ ಪದರ ಕಾಣುತ್ತದಲ್ಲ, ಅದೇ ಯೀಸ್ಟ್, ಅಂದರೆ ಹಿಟ್ಟು ಉಬ್ಬಿಸುವ ಸೂಕ್ಷ್ಮಜೀವಿ, ಅಂತ ಬಹಳ ಜನ ನಂಬಿದ್ದಾರೆ. ಅದು ಯೀಸ್ಟ್ ಅಲ್ಲ, ಹಣ್ಣು ತಾನೇ ಮಾಡಿಕೊಳ್ಳುವ ಮೇಣ. ಯೀಸ್ಟ್ ಜಾಸ್ತಿ ಇರುವುದು ತೊಟ್ಟಿನ ಬುಡದಲ್ಲಿ, ಸಿಪ್ಪೆಯ ಬಿರುಕಿನಲ್ಲಿ, ಹಕ್ಕಿ ಕುಕ್ಕಿ ರಸ ಒಸರಿದ ಜಾಗದಲ್ಲಿ. ಬ್ರೆಡ್ಡಿಗೂ ವೈನಿಗೂ ಬಳಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್ ಗಟ್ಟಿಮುಟ್ಟಾದ ದ್ರಾಕ್ಷಿಯಲ್ಲಿ ಹೆಚ್ಚುಕಡಿಮೆ ಸಾವಿರಕ್ಕೆ ಒಂದರಲ್ಲಷ್ಟೇ ಸಿಗುತ್ತದೆ ಎಂದು 1999ರ ಒಂದು ಅಧ್ಯಯನ ತೋರಿಸಿತು. ಒಡೆದ ಹಣ್ಣುಗಳಲ್ಲಿ ನಾಲ್ಕಕ್ಕೆ ಒಂದರಲ್ಲಿ ಸಿಕ್ಕಿತು. ಮಿಕ್ಕ ಹಣ್ಣುಗಳೇನೂ ಖಾಲಿ ಇರುವುದಿಲ್ಲ. ಅಲ್ಲಿ ಹ್ಯಾನ್ಸೆನಿಯಾಸ್ಪೊರಾ, ಮೆಟ್ಶ್ನಿಕೋವಿಯಾ, ಪಿಚಿಯಾ ಮುಂತಾದ ಬೇರೆ ಯೀಸ್ಟ್‌ಗಳು ಮನೆ ಮಾಡಿಕೊಂಡಿರುತ್ತವೆ.

ಹಾಗಾಗಿ ಕಾಡು ಯೀಸ್ಟ್, ಅಂದರೆ ಪೊಟ್ಟಣದಿಂದ ಬರದೆ ಹಣ್ಣು ಹೂವಿನಲ್ಲಿ ತಾನೇ ಬದುಕುವ ಯೀಸ್ಟ್, ಹಿಡಿಯುವುದು ದೊಡ್ಡ ಕೆಲಸವಲ್ಲ. ಸಕ್ಕರೆ ನೀರಿಗೆ ಹಣ್ಣು ಹಾಕಿಟ್ಟರೆ ಏನೋ ಒಂದು ಹುಟ್ಟಿಯೇ ಹುಟ್ಟುತ್ತದೆ. ಹುಟ್ಟಿದ್ದು ಯಾರು, ಅದು ನಮ್ಮ ಕೆಲಸಕ್ಕೆ ಬರುತ್ತದಾ ಅಂತ ಪರೀಕ್ಷಿಸಿ ಆರಿಸುವುದರಲ್ಲೇ ಶ್ರಮವೆಲ್ಲ ಇದೆ. ಮನೆಯಲ್ಲಿ ಬ್ರೆಡ್ ಮಾಡುವವರು, ಕೋಕೊ ಅಥವಾ ಹಣ್ಣು ಬೆಳೆಯುವವರು, ಕಾಲೇಜಿನಲ್ಲಿ ಪ್ರಾಜೆಕ್ಟ್ ಹುಡುಕುತ್ತಿರುವ ವಿದ್ಯಾರ್ಥಿಗಳು, ಎಲ್ಲರಿಗೂ ಮೊದಲ ಕೆಲವು ಹೆಜ್ಜೆ ಒಂದೇ. ಆಮೇಲೆ ದಾರಿ ಕವಲೊಡೆಯುತ್ತದೆ.

ಎಲ್ಲಿ ಹುಡುಕಬೇಕು

ಸಿಹಿ ಎಲ್ಲಿದೆಯೋ ಅಲ್ಲಿ. ಬಲಿತು ಬಿರಿದ ಬೆಂಗಳೂರು ನೀಲಿ ದ್ರಾಕ್ಷಿ, ಮರದ ಕೆಳಗೆ ಬಿದ್ದ ಗೇರು ಹಣ್ಣು, ನೇರಳೆ, ಹಲಸಿನ ತೊಳೆ, ಕೋಕೊ ಕಾಯಿಯೊಳಗಿನ ಬಿಳಿ ತಿರುಳು, ಜೇನ್ನೊಣ ಬಂದು ಹೋಗುವ ಹೂವಿನ ಮಕರಂದ, ಮರದ ತೊಗಟೆಯಿಂದ ಸೋರುವ ರಸ. ಯೀಸ್ಟ್‌ಗೆ ರೆಕ್ಕೆ ಇಲ್ಲ. ಅದನ್ನು ಹೊತ್ತು ತಿರುಗುವುದು ಕೀಟಗಳು. ಕಣಜಗಳ ಹೊಟ್ಟೆಯಲ್ಲಿ ಚಳಿಗಾಲವಿಡೀ ಯೀಸ್ಟ್ ಉಳಿದು, ಮುಂದಿನ ಪೀಳಿಗೆಗೂ ದಾಟುತ್ತದೆ ಎಂದು ಇಟಲಿಯ ಸಂಶೋಧಕರು 2012ರಲ್ಲಿ ತೋರಿಸಿದ್ದರು. ನೊಣ, ಕಣಜ ಮುತ್ತುವ ಹಣ್ಣೆಂದರೆ ನಮಗೆ ಒಳ್ಳೆಯ ಸುಳಿವು.

ಇತ್ತೀಚೆಗೆ ಶಿಲೀಂಧ್ರನಾಶಕ ಹೊಡೆದ ತೋಟದ ಹಣ್ಣು ಬೇಡ. ಯೀಸ್ಟ್ ಕೂಡ ಶಿಲೀಂಧ್ರವೇ, ಅದೂ ಸತ್ತಿರುತ್ತದೆ. ಒಣದ್ರಾಕ್ಷಿ ಬಳಸುವುದಾದರೆ ಹೊಳೆಯುವ ಹೊಂಬಣ್ಣದ್ದು ಬಿಟ್ಟು ಕಪ್ಪು ಬಣ್ಣದ್ದು ತಗೊಳ್ಳಿ. ಹೊಂಬಣ್ಣ ಉಳಿಯಲಿ ಅಂತ ಎಷ್ಟೋ ಕಡೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಇನ್ನೊಂದು ಮಾತು, ಇದು ಗಂಭೀರವಾದದ್ದು: ಬಾವಲಿ ಕಚ್ಚಿದ ಹಣ್ಣನ್ನು ಮುಟ್ಟಲೇಬೇಡಿ. ನಿಪಾ ವೈರಸ್ ಬಾವಲಿಗಳಿಂದ ಬರುತ್ತದೆ, ಪಕ್ಕದ ಕೇರಳ ಅದನ್ನು ಮತ್ತೆ ಮತ್ತೆ ಕಂಡಿದೆ.

ಬಾಟಲಿ ಹೂಡುವುದು

ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಗಾಜಿಗಿಂತ ಇದೇ ವಾಸಿ. ಒಳಗೆ ಗ್ಯಾಸ್ ತುಂಬಿದಾಗ ಪ್ಲಾಸ್ಟಿಕ್ ಬಿಗಿಯಾಗುತ್ತದೆ, ಅದುಮಿ ನೋಡಿದರೆ ಗೊತ್ತಾಗುತ್ತದೆ. ಗಾಜು ಹೇಳದೆ ಕೇಳದೆ ಸಿಡಿಯುತ್ತದೆ.

ನೀರನ್ನು ಕುದಿಸಿ ಪೂರ್ತಿ ಆರಿಸಿ. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತಲೂ ಈ ಕೆಲಸ. 200 ಮಿ.ಲೀ. ನೀರಿಗೆ 20 ಗ್ರಾಂ ಸಕ್ಕರೆ ಅಥವಾ ಬೆಲ್ಲ ಕರಗಿಸಿ. ಅರ್ಧ ಚಮಚ ನಿಂಬೆರಸ ಹಾಕಿ. ನೀರು ಹುಳಿಯಾದರೆ ಅನೇಕ ಬ್ಯಾಕ್ಟೀರಿಯಾಗಳಿಗೆ ಕಷ್ಟ, ಯೀಸ್ಟ್‌ಗೆ ಏನೂ ತೊಂದರೆಯಿಲ್ಲ. ಇದಕ್ಕೆ ಹೆಚ್ಚಿದ ಹಣ್ಣು ಒಂದು ಹಿಡಿ. ಹಣ್ಣನ್ನು ಉಜ್ಜಿ ತೊಳೆಯಬೇಡಿ, ಮಣ್ಣಿದ್ದರೆ ಕೊಡವಿ. ಮುಚ್ಚಳ ಸಡಿಲವಾಗಿರಲಿ. ಬಿಸಿಲು ಬೀಳದ, 25ರಿಂದ 30 ಡಿಗ್ರಿ ಇರುವ ಜಾಗದಲ್ಲಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುಚ್ಚಳ ಬಿಗಿಮಾಡಿ ಕುಲುಕಿ, ಮತ್ತೆ ಸಡಿಲಿಸಿ.

ಒಂದೇ ಬಾಟಲಿ ಇಡಬೇಡಿ. ನಾಲ್ಕೈದು ಬೇರೆ ಬೇರೆ ಹಣ್ಣು ಅಥವಾ ಹೂವಿನಿಂದ ನಾಲ್ಕೈದು ಬಾಟಲಿ ಹೂಡಿ. ಜೊತೆಗೆ ಹಣ್ಣೇ ಹಾಕದ, ಬರೀ ಸಕ್ಕರೆ ನೀರಿನ ಬಾಟಲಿ ಒಂದಿರಲಿ. ಅದರಲ್ಲೂ ನೊರೆ ಬಂದರೆ ನಿಮ್ಮ ಯೀಸ್ಟ್ ಹಣ್ಣಿನಿಂದಲೇ ಬಂತು ಅಂತ ಹೇಳಲು ಆಗುವುದಿಲ್ಲ. ಪಾತ್ರೆಯಿಂದಲೋ ಕೈಯಿಂದಲೋ ಬಂದಿರುತ್ತದೆ. ಪ್ರತಿ ಬಾಟಲಿಗೂ ಚೀಟಿ ಅಂಟಿಸಿ: ಯಾವ ಹಣ್ಣು, ಯಾವ ಊರು, ಯಾವ ದಿನ.

ಮೂಗು ಹಿಡಿದು ನೋಡಬೇಡಿ, ಮೂಗಿಟ್ಟು ನೋಡಿ

ಎರಡರಿಂದ ಐದು ದಿನದೊಳಗೆ ಸಣ್ಣ ಗುಳ್ಳೆಗಳು ಏಳುತ್ತವೆ. ಹಣ್ಣಿನ ಚೂರು ಮೇಲೆ ತೇಲುತ್ತವೆ, ಮುಚ್ಚಳ ತೆಗೆದರೆ ಸುಯ್ ಅನ್ನುತ್ತದೆ. ಬಾಟಲಿಯನ್ನು ಒಂದು ರಾತ್ರಿ ಅಲ್ಲಾಡಿಸದೆ ಬಿಟ್ಟರೆ ತಳದಲ್ಲಿ ಕೆನೆ ಬಣ್ಣದ ಗಸಿ ಕೂರುತ್ತದೆ. ನಮಗೆ ಬೇಕಾದದ್ದು ಆ ಗಸಿ.

ಈಗ ವಾಸನೆ. ಹೊಸ ಬ್ರೆಡ್, ಮಾಗಿದ ಬಾಳೆ, ಸೇಬಿನಂಥ ವಾಸನೆ ಬಂದರೆ ಖುಷಿಪಡಿ. ಉಗುರು ಬಣ್ಣದ ವಾಸನೆ ಬಂದರೆ ಅದು ಈಥೈಲ್ ಅಸಿಟೇಟ್. ಹ್ಯಾನ್ಸೆನಿಯಾಸ್ಪೊರಾ, ವಿಕರ್ಹ್ಯಾಮೊಮೈಸಿಸ್ ಜಾತಿಯವು ಅದನ್ನು ಜಾಸ್ತಿ ಮಾಡುತ್ತವೆ. ಅಡುಗೆಗೆ ಅದು ಒಗ್ಗುವುದಿಲ್ಲ, ಆದರೆ ಬಿಸಾಡಬೇಡಿ, ಮುಂದೆ ಹೇಳುವ ತೋಟದ ಪ್ರಯೋಗಕ್ಕೆ ಇರಲಿ. ವಿನೆಗರ್ ವಾಸನೆ ಬಂದರೆ ಗಾಳಿ ಜಾಸ್ತಿಯಾಗಿ ಅಸಿಟಿಕ್ ಬ್ಯಾಕ್ಟೀರಿಯಾ ಗೆದ್ದಿದೆ. ವಾಂತಿ ವಾಸನೆ ಬಂದರೆ ಚೆಲ್ಲಿ, ಯೋಚನೆ ಮಾಡಬೇಡಿ.

ಮೇಲೆ ಬಿಳಿ, ಸುಕ್ಕುಸುಕ್ಕಾದ ತೆಳು ಪದರ ಕಟ್ಟಿದರೆ ಅದು ಪಿಚಿಯಾದಂಥ ಪದರ ಕಟ್ಟುವ ಯೀಸ್ಟ್. ಹಸಿರು, ಕಪ್ಪು, ಹತ್ತಿಯಂಥ ರೋಮ ಕಂಡರೆ ಬೂಷ್ಟು. ಮೇಲಿನದನ್ನು ಚಮಚದಲ್ಲಿ ತೆಗೆದು ಉಳಿದದ್ದನ್ನು ಬಳಸುವ ಜಾಣತನ ಬೇಡ, ಬಾಟಲಿಯನ್ನೇ ಚೆಲ್ಲಿ. ಗುಲಾಬಿ ಬಣ್ಣ ಬಂದರೆ ರೋಡೊಟೊರುಲಾ ಇರಬಹುದು. ಅದು ಕೂಡ ಅಡುಗೆಮನೆಗೆ ಬೇಡ.

ಬಾಟಲಿಯಲ್ಲಿರುವ ನೀರನ್ನು ಕುಡಿಯಬೇಡಿ. ಅದರಲ್ಲಿ ಏನೇನಿದೆ ಅಂತ ಇನ್ನೂ ಗೊತ್ತಿಲ್ಲ. ಮೇಲಾಗಿ ಮದ್ಯ ತಯಾರಿಕೆಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು.

ಗುಂಪಿನಿಂದ ಒಂದನ್ನು ಬಿಡಿಸುವುದು

ಬಾಟಲಿಯಲ್ಲಿ ಇರುವುದು ಒಂದು ಯೀಸ್ಟ್ ಅಲ್ಲ, ಸಂತೆ. ಗಸಿಯ ಒಂದು ಚಮಚವನ್ನು ಹಣ್ಣಿಲ್ಲದ ಹೊಸ ಸಕ್ಕರೆ ನೀರಿಗೆ ಹಾಕಿ. ಎರಡು ದಿನ ಬಿಟ್ಟು ಅದರಿಂದ ಇನ್ನೊಂದಕ್ಕೆ. ಹೀಗೆ ಎರಡು ಮೂರು ಸಲ ದಾಟಿಸಿದರೆ ಸಕ್ಕರೆ ನೀರಿನಲ್ಲಿ ಚುರುಕಾಗಿ ಬೆಳೆಯುವವು ಉಳಿದು, ಮಿಕ್ಕವು ಹಿಂದೆ ಬೀಳುತ್ತವೆ. ಅಡುಗೆಗೆ ಇಷ್ಟು ಸಾಕು.

ಲ್ಯಾಬ್ ಇದ್ದವರು ಮುಂದಕ್ಕೆ ಹೋಗಿ. ಒಂದು ಲೀಟರ್ ನೀರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ, ಅದನ್ನು ಗಟ್ಟಿಮಾಡಲು 15 ಗ್ರಾಂ ಅಗರ್. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆ) 121 ಡಿಗ್ರಿಯಲ್ಲಿ 15 ನಿಮಿಷ ಇಟ್ಟು ಪೆಟ್ರಿ ತಟ್ಟೆಗೆ ಸುರಿಯಿರಿ. ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಸೇರಿಸುವುದು ರೂಢಿ. ಲೂಪಿನ (ತುದಿ ಬಳೆಯಂತೆ ಬಾಗಿದ ತಂತಿ) ತುದಿಗೆ ಗಸಿ ಮುಟ್ಟಿಸಿ ತಟ್ಟೆಯ ಮೇಲೆ ಗೀರು ಎಳೆಯಿರಿ, ಲೂಪ್ ಸುಟ್ಟು, ಆರಿಸಿ, ಗೀರಿನ ತುದಿಯಿಂದ ಮತ್ತೊಂದು ಗೀರು. ಮೂರನೇ ನಾಲ್ಕನೇ ಗೀರಿನ ಹೊತ್ತಿಗೆ ಕೋಶಗಳು ಒಂಟಿ ಒಂಟಿಯಾಗಿ ಬೀಳುತ್ತವೆ. ಎರಡು ಮೂರು ದಿನಕ್ಕೆ ಬೆಣ್ಣೆ ಚುಕ್ಕಿಗಳಂಥ ಕಾಲೊನಿಗಳು, ಅಂದರೆ ಒಂದೊಂದು ಕೋಶದಿಂದ ಬೆಳೆದ ಗುಂಪುಗಳು, ಏಳುತ್ತವೆ. ನುಣುಪಾದದ್ದು, ಒರಟಾದದ್ದು, ಹೊಳೆಯುವುದು, ಮಂಕಾದದ್ದು, ಒಂದೊಂದು ತರಹದ್ದರಿಂದ ಒಂದೊಂದನ್ನು ಆರಿಸಿ ಹೊಸ ತಟ್ಟೆಗೆ ಗೀರಿ.

ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಅನುಮಾನ ಉಳಿಯುವುದಿಲ್ಲ. ಯೀಸ್ಟ್ ಕೋಶಗಳು ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಮೊಟ್ಟೆಯಾಕಾರ, ಪಕ್ಕದಲ್ಲಿ ಪುಟ್ಟ ಮೊಗ್ಗು. ಹ್ಯಾನ್ಸೆನಿಯಾಸ್ಪೊರಾ ನಿಂಬೆಹಣ್ಣಿನ ಹಾಗೆ ಎರಡೂ ತುದಿ ಚೂಪು, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬ್ಯಾಕ್ಟೀರಿಯಾಗಳು ಇವಕ್ಕಿಂತ ತುಂಬಾ ಸಣ್ಣವು. ಮಿಥಿಲೀನ್ ಬ್ಲೂ ಎಂಬ ಬಣ್ಣದ ಹನಿ ಹಾಕಿದರೆ ಸತ್ತ ಕೋಶಗಳು ನೀಲಿಯಾಗುತ್ತವೆ, ಬದುಕಿರುವವು ಬಣ್ಣ ಹಿಡಿಯುವುದಿಲ್ಲ.

ಸ್ಯಾಕರೊಮೈಸಿಸೇ ಬೇಕು ಅನ್ನುವವರಿಗೆ ಒಂದು ಉಪಾಯವಿದೆ. ಶೇ 7ರಿಂದ 8ರಷ್ಟು ಆಲ್ಕೋಹಾಲ್ ಇರುವ ದ್ರವದಲ್ಲಿ ತೊಗಟೆಯ ಚೂರನ್ನೋ ಹಣ್ಣನ್ನೋ ವಾರಗಟ್ಟಲೆ ಇಡುವುದು. ಬೇರೆಯವು ಬಹುಪಾಲು ಸೋಲುತ್ತವೆ, ಇದು ಗೆಲ್ಲುತ್ತದೆ. ಕಾಡು ಓಕ್ ಮರಗಳ ತೊಗಟೆಯಿಂದ ಸಂಶೋಧಕರು ಸ್ಯಾಕರೊಮೈಸಿಸ್ ಹಿಡಿದದ್ದು ಹೀಗೆಯೇ.

ಅಡುಗೆಮನೆಗೆ

ಮೂರು ಸಲ ದಾಟಿಸಿದ, ಒಳ್ಳೆ ವಾಸನೆಯ ಬಾಟಲಿಯನ್ನು ಕುಲುಕಿ 80 ಮಿ.ಲೀ. ತಗೊಂಡು 100 ಗ್ರಾಂ ಗೋಧಿ ಹಿಟ್ಟಿಗೆ ಕಲಸಿ. ಪಾತ್ರೆಗೆ ರಬ್ಬರ್ ಬ್ಯಾಂಡ್ ಹಾಕಿ ಮಟ್ಟ ಗುರುತು ಮಾಡಿ. ಎರಡರಷ್ಟು ಉಬ್ಬಲು ಎಷ್ಟು ಹೊತ್ತು ಬೇಕಾಯಿತು ಬರೆದಿಡಿ. ಪೊಟ್ಟಣದ ಯೀಸ್ಟ್‌ಗೆ ಗಂಟೆ ಸಾಕಾದರೆ ಕಾಡು ಯೀಸ್ಟ್‌ಗೆ ಆರು ಗಂಟೆ, ಕೆಲವೊಮ್ಮೆ ರಾತ್ರಿಯಿಡೀ ಬೇಕು. ದಿನಾ ಸ್ವಲ್ಪ ತೆಗೆದು ಹೊಸ ಹಿಟ್ಟು ನೀರು ಕೊಡುತ್ತಾ ಹೋದರೆ ವಾರದಲ್ಲಿ ವೇಗ ಹೆಚ್ಚುತ್ತದೆ. ಜೊತೆಗೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಸೇರಿಕೊಂಡು ಹುಳಿ ಬರುತ್ತದೆ. ಅದು ಕೆಟ್ಟದ್ದಲ್ಲ, ಹುಳಿ ಬ್ರೆಡ್ಡಿನ ರುಚಿ ಅದೇ.

ಇಡ್ಲಿ ಹಿಟ್ಟೂ ಹೀಗೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ, ಯೀಸ್ಟಿನ ಪಾತ್ರ ಸಣ್ಣದು. ನಮ್ಮಲ್ಲಿ ಕಾಡು ಯೀಸ್ಟ್ ನಿಜಕ್ಕೂ ಕೆಲಸ ಮಾಡುವ ತಿಂಡಿ ಬೇಕಾದರೆ ಮಂಗಳೂರಿನ ಸನ್ನ ನೋಡಿ. ಕ್ರೈಸ್ತರ ಮನೆಗಳಲ್ಲಿ ಅಕ್ಕಿ ಹಿಟ್ಟಿಗೆ ಕಳ್ಳು ಸೇರಿಸಿ ಉಬ್ಬಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಕಳ್ಳಿನ ಯೀಸ್ಟನ್ನು ಯಾರೂ ಪೊಟ್ಟಣದಿಂದ ಹಾಕಿದ್ದಲ್ಲ.

ತೋಟಕ್ಕೆ: ಮೊದಲು ಕೋಕೊ

ಪುತ್ತೂರು, ಸುಳ್ಯದ ಕಡೆ ಅಡಿಕೆ ತೋಟದ ನಡುವೆ ಕೋಕೊ ಬೆಳೆಯುತ್ತಾರೆ. ಅನೇಕರು ಹಸಿ ಬೀಜವನ್ನೇ ಮಾರಿಬಿಡುತ್ತಾರೆ. ಹುದುಗಿಸಿ ಒಣಗಿಸಿ ಮಾರುವವರಿಗೆ ಕಾಡು ಯೀಸ್ಟೇ ಮೊದಲ ಕೂಲಿಯಾಳು, ಸಂಬಳವಿಲ್ಲದವನು.

ಕಾಯಿ ಒಡೆದಾಗ ಬೀಜದ ಸುತ್ತ ಇರುವ ತಿರುಳು ತುಂಬಾ ಹುಳಿ, ಸಿಹಿಯೂ ಇರುತ್ತದೆ. ಬೀಜ ರಾಶಿ ಹಾಕಿದಾಗ ನಡುವೆ ಗಾಳಿಯಾಡುವುದಿಲ್ಲ. ಹುಳಿ, ಸಿಹಿ, ಗಾಳಿಯಿಲ್ಲ: ಯೀಸ್ಟ್‌ಗೆ ಇದಕ್ಕಿಂತ ಒಳ್ಳೆ ಜಾಗವಿಲ್ಲ. ಚಾಕು, ಕೈ, ಪೆಟ್ಟಿಗೆಯ ಮರ, ಮುಚ್ಚಿದ ಬಾಳೆ ಎಲೆ, ಎಲ್ಲದರಿಂದಲೂ ಅದು ಬಂದು ಸೇರುತ್ತದೆ. ಮೊದಲ ಒಂದೆರಡು ದಿನ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ, ತಿರುಳನ್ನು ಹಿಡಿದಿಟ್ಟ ಅಂಟಿನಂಥ ಪೆಕ್ಟಿನ್ ಕರಗಿಸುತ್ತದೆ. ರಸ ಸೋರಿ ಹೋಗಿ ಬೀಜಗಳ ನಡುವೆ ಗಾಳಿ ನುಗ್ಗುತ್ತದೆ. ಆಗ ಅಸಿಟಿಕ್ ಬ್ಯಾಕ್ಟೀರಿಯಾದ ಸರದಿ. ಅವು ಆಲ್ಕೋಹಾಲನ್ನು ವಿನೆಗರ್ ಮಾಡುವಾಗ ರಾಶಿ 45ರಿಂದ 50 ಡಿಗ್ರಿ ತನಕ ಕಾಯುತ್ತದೆ. ಬಿಸಿಗೂ ಹುಳಿಗೂ ಬೀಜದ ಮೊಳಕೆ ಸಾಯುತ್ತದೆ. ಚಾಕೊಲೇಟ್ ರುಚಿಗೆ ಬೇಕಾದ ಮೂಲವಸ್ತುಗಳು ಹುಟ್ಟುವುದು ಅದರ ನಂತರ. ಮೊದಲ ದಿನ ಯೀಸ್ಟ್ ಸರಿಯಾಗಿ ಕೆಲಸ ಮಾಡದಿದ್ದರೆ ಮುಂದಿನದ್ದೆಲ್ಲ ಕುಂಟುತ್ತದೆ.

ಮಾಡಬೇಕಾದದ್ದು ಇಷ್ಟು. ರೋಗ ಬಂದ, ಮೊಳಕೆಯೊಡೆದ ಬೀಜ ತೆಗೆಯಿರಿ. ಕೆಳಗೆ ತೂತಿರುವ ಮರದ ಪೆಟ್ಟಿಗೆಗೆ ತುಂಬಿ, ಬಾಳೆ ಎಲೆ ಮುಚ್ಚಿ, ಮೇಲೆ ಗೋಣಿ ಹಾಕಿ. ಎರಡು ದಿನಕ್ಕೊಮ್ಮೆ ಮಗುಚಿ. ಐದಾರು ದಿನಕ್ಕೆ ಬೀಜ ಕತ್ತರಿಸಿ ನೋಡಿದರೆ ಒಳಗಿನ ನೇರಳೆ ಬಣ್ಣ ಕಂದಿಗೆ ತಿರುಗಿರಬೇಕು. ರಾಶಿ ತೀರಾ ಸಣ್ಣದಾದರೆ ಬಿಸಿ ನಿಲ್ಲುವುದಿಲ್ಲ, ಅಕ್ಕಪಕ್ಕದವರದ್ದು ಸೇರಿಸಿಕೊಳ್ಳಿ. ಪೆಟ್ಟಿಗೆಯನ್ನು ಸೋಪು ಹಾಕಿ ಉಜ್ಜುವುದು ಬೇಡ. ಬೂಷ್ಟು ಇದ್ದರೆ ಕೆರೆದು ಬಿಸಿಲಿಗಿಡಿ, ಇಲ್ಲದಿದ್ದರೆ ಮರದಲ್ಲಿ ಉಳಿದ ಯೀಸ್ಟೇ ಮುಂದಿನ ರಾಶಿಗೆ ಹೆಪ್ಪು.

ಕೊಡಗು, ಚಿಕ್ಕಮಗಳೂರಿನ ಕಾಫಿ ಪಲ್ಪಿಂಗ್ ತೊಟ್ಟಿಗಳಲ್ಲಿ ಲೋಳೆ ಕರಗಿಸುವ ಕೆಲಸದಲ್ಲೂ ಯೀಸ್ಟ್‌ಗಳು ಪಾಲು ಪಡೆಯುತ್ತವೆ. ಅಲ್ಲಿ ಹೊತ್ತು ಮೀರಿದರೆ ಕುಡಿಯುವ ಕಾಫಿಯಲ್ಲಿ ಹುಳಿ ವಾಸನೆ ಉಳಿದುಬಿಡುತ್ತದೆ, ಲೋಳೆ ಹೋಯಿತಾ ಅಂತ ಬೀಜವನ್ನು ಕೈಯಲ್ಲಿ ಉಜ್ಜಿ ನೋಡುವುದನ್ನು ಬಿಡಬೇಡಿ.

ಹಣ್ಣು ಕೊಳೆಯುವುದನ್ನು ತಡೆಯುತ್ತದಾ? ನೀವೇ ಪರೀಕ್ಷಿಸಿ

ಕೆಲವು ಯೀಸ್ಟ್‌ಗಳು ಬೂಷ್ಟಿಗೆ ಪೈಪೋಟಿ ಕೊಡುತ್ತವೆ. ಹಣ್ಣಿನ ಗಾಯದಲ್ಲಿ ಮೊದಲೇ ಕೂತು ಅಲ್ಲಿನ ಸಕ್ಕರೆಯನ್ನು ಖಾಲಿ ಮಾಡುತ್ತವೆ. ಮೆಟ್ಶ್ನಿಕೋವಿಯಾ ಪುಲ್ಚೆರಿಮಾ ಇನ್ನೂ ಕಿಲಾಡಿ. ಅದು ಬಿಡುವ ಒಂದು ಆಮ್ಲ ಸುತ್ತಲಿನ ಕಬ್ಬಿಣವನ್ನು ಹಿಡಿದು ಕೆಂಪು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ ಸಿಗದೆ ಬೂಷ್ಟು ಸೊರಗುತ್ತದೆ. ನಿಮ್ಮ ತಟ್ಟೆಯಲ್ಲಿ ಕಾಲೊನಿ ಸುತ್ತ ಕೆಂಗಂದು ವರ್ತುಲ ಕಂಡರೆ ಅದನ್ನು ಬೇರೆ ಎತ್ತಿಡಿ. ಕ್ಯಾಂಡಿಡಾ ಓಲಿಯೊಫಿಲಾ ಎಂಬ ಯೀಸ್ಟಿನಿಂದ ಮಾಡಿದ, ಕೊಯ್ಲಾದ ಹಣ್ಣಿಗೆ ಹಚ್ಚುವ ಉತ್ಪನ್ನವೊಂದು ಅಮೆರಿಕದಲ್ಲಿ 1995ರಲ್ಲೇ ನೋಂದಣಿಯಾಗಿತ್ತು.

ಪರೀಕ್ಷೆ ಹೀಗೆ. ಒಂದೇ ಗಾತ್ರದ ಸೇಬು ಅಥವಾ ಟೊಮೆಟೊ ಮೂವತ್ತು ತಗೊಳ್ಳಿ. ತೊಳೆದು ಒಣಗಿಸಿ, ಸ್ಪಿರಿಟ್ಟಿನಲ್ಲಿ ಒರೆಸಿದ ಮೊಳೆಯಿಂದ ಪ್ರತಿಯೊಂದಕ್ಕೂ ಸುಮಾರು 3 ಮಿ.ಮೀ. ಆಳದ ಗಾಯ ಮಾಡಿ. ಹತ್ತಕ್ಕೆ ಯೀಸ್ಟ್ ಕಲಸಿದ ಹಾಲು ಬಣ್ಣದ ನೀರು ಒಂದು ಹನಿ. ಹತ್ತಕ್ಕೆ ಅದೇ ಯೀಸ್ಟ್ ನೀರು, ಆದರೆ ಕುದಿಸಿ ಆರಿಸಿದ್ದು. ಹತ್ತಕ್ಕೆ ಬರೀ ಶುದ್ಧ ನೀರು. ನಾಲ್ಕು ಗಂಟೆ ಬಿಟ್ಟು, ಬೂಷ್ಟು ಹಿಡಿದ ಹಣ್ಣಿನಿಂದ ಕೆರೆದು ನೀರಿಗೆ ಕಲಸಿದ್ದನ್ನು ಎಲ್ಲ ಗಾಯಗಳಿಗೂ ಒಂದೊಂದು ಹನಿ ಹಾಕಿ. ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಕಾಗದದ ಜೊತೆ ಇಡಿ. ಐದನೇ ದಿನ ಕೊಳೆತ ಭಾಗದ ಅಗಲವನ್ನು ಸ್ಕೇಲಿನಲ್ಲಿ ಅಳೆಯಿರಿ. ಬದುಕಿದ ಯೀಸ್ಟ್ ಹಾಕಿದ್ದು ಮಾತ್ರ ಚೆನ್ನಾಗಿದ್ದರೆ ಅದು ನಿಜವಾಗಿ ಪೈಪೋಟಿ ಮಾಡಿದೆ. ಮೂರೂ ಒಂದೇ ತರಹ ಕೊಳೆತರೆ ನಿಮ್ಮ ಯೀಸ್ಟ್ ಸುಮ್ನೆ ಕೂತಿತ್ತು ಅಂತ ಅರ್ಥ. ಪರೀಕ್ಷೆಯ ಹಣ್ಣನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ.

ಇದರ ಮಿತಿಯನ್ನೂ ತಿಳಿದಿರಬೇಕು. ಯೀಸ್ಟ್ ಮೊದಲು ಬಂದರೆ ಕಾಯುತ್ತದೆ, ತಡವಾಗಿ ಬಂದರೆ ಏನೂ ಮಾಡುವುದಿಲ್ಲ. ಮಾವಿನ ಚಿಬ್ಬು ರೋಗ ಮರದಲ್ಲಿರುವಾಗಲೇ ಕಾಯಿಯೊಳಗೆ ಹೊಕ್ಕು ಸದ್ದಿಲ್ಲದೆ ಕೂತಿರುತ್ತದೆ, ಹಣ್ಣಾದ ಮೇಲೆ ಕಾಣಿಸಿಕೊಳ್ಳುತ್ತದೆ. ಕೊಯ್ದ ಮೇಲೆ ಯೀಸ್ಟ್ ಹಚ್ಚಿದರೆ ಅದಕ್ಕೆ ಹೆಚ್ಚೇನೂ ಆಗುವುದಿಲ್ಲ. ಇನ್ನು ಎಲ್ಲ ರೋಗಕ್ಕೂ, ಎಲ್ಲ ಬೆಳೆಗೂ, ದುಪ್ಪಟ್ಟು ಇಳುವರಿಗೂ ಒಂದೇ ಯೀಸ್ಟ್ ಬಾಟಲಿ ಮಾರುವವರು ಬಂದರೆ ಯಾವ ಜಾತಿ, ಯಾವ ರೋಗಕ್ಕೆ ಪರೀಕ್ಷಿಸಿದ್ದು ಅಂತ ಕೇಳಿ. ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ. ನೀವೇ ಜೈವಿಕ ಕೀಟನಾಶಕ ಅಂತ ಮಾರಲು ಹೊರಟರೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು.

ಹಸುವಿನ ಮೇವಿಗೆ ಸೇರಿಸುವ ಯೀಸ್ಟ್ ಬೇರೆ ವಿಷಯ. ಅದು ಆರಿಸಿದ, ಪರೀಕ್ಷಿಸಿದ ಸ್ಯಾಕರೊಮೈಸಿಸ್. ಮನೆಯಲ್ಲಿ ಹಿಡಿದದ್ದನ್ನು ಕೊಟ್ಟಿಗೆಗೆ ಒಯ್ಯಬೇಡಿ.

ಕಾರ್ಖಾನೆ ಏನನ್ನು ಹುಡುಕುತ್ತದೆ

ವಿದ್ಯಾರ್ಥಿಗಳಿಗೆ ಈ ಭಾಗ. ಒಂದು ಯೀಸ್ಟ್ ಸಿಕ್ಕಿದ ಮೇಲೆ ಅದನ್ನು ಯಾವ ಪ್ರಶ್ನೆ ಕೇಳಬೇಕು ಅನ್ನುವುದು ಮುಖ್ಯ. ಬ್ರೆಜಿಲ್‌ನ ಕಬ್ಬಿನ ಎಥನಾಲ್ ಕಾರ್ಖಾನೆಗಳಲ್ಲಿ ಬೇಕರಿ ಯೀಸ್ಟ್ ಹಾಕಿ ಶುರುಮಾಡಿದರೆ ಎಲ್ಲಿಂದಲೋ ಬಂದ ಕಾಡು ತಳಿಗಳು ಅದನ್ನು ಓಡಿಸಿ ತೊಟ್ಟಿ ಹಿಡಿಯುತ್ತಿದ್ದವು. ಸಂಶೋಧಕರು ಹಾಗೆ ಗೆದ್ದವುಗಳನ್ನೇ ಆರಿಸಿದರು. ಪಿಇ-2, ಸಿಎಟಿ-1 ಎಂಬ ಹೆಸರಿನ ಆ ತಳಿಗಳು ಇವತ್ತು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಯಲ್ಲಿವೆ. ಬೆಳಗಾವಿ, ಬಾಗಲಕೋಟೆಯ ಡಿಸ್ಟಿಲರಿಗಳ ಹತ್ತಿರ ಓದುವವರು ಇದೇ ಪ್ರಶ್ನೆ ಕೇಳಬಹುದು: ಕಾಕಂಬಿಯಲ್ಲಿ, ಬಿಸಿಯಲ್ಲಿ, ಹೆಚ್ಚು ಆಲ್ಕೋಹಾಲಿನಲ್ಲಿ ಯಾವುದು ಬದುಕುತ್ತದೆ? 30, 37, 42 ಡಿಗ್ರಿಯಲ್ಲಿ ಒಂದೇ ತಳಿಯನ್ನು ಬೆಳೆಸಿ, ಬಾಟಲಿಯ ಬಾಯಿಗೆ ಬಲೂನು ಕಟ್ಟಿ ಉಬ್ಬುವುದನ್ನು ಅಳೆಯಿರಿ. ಅಗ್ಗದ ಪರೀಕ್ಷೆ, ಆದರೂ ತಳಿಗಳ ನಡುವಿನ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಹತ್ತಿರದ್ದೇ. ಪಿಚಿಯಾ ಪಾಸ್ಟೊರಿಸ್ ಮೊದಲು ಸಿಕ್ಕಿದ್ದು ಸುಮಾರು ನೂರು ವರ್ಷದ ಹಿಂದೆ, ಫ್ರಾನ್ಸಿನ ಚೆಸ್ಟ್‌ನಟ್ ಮರದಿಂದ ಒಸರಿದ ರಸದಲ್ಲಿ. ಆಮೇಲೆ ಯೀಸ್ಟ್ ವಿಜ್ಞಾನಿ ಹರ್ಮನ್ ಫಾಫ್ ಕ್ಯಾಲಿಫೋರ್ನಿಯಾದ ಓಕ್ ಮರಗಳಿಂದ ಅದರ ಹತ್ತಿರದ ಬಂಧುವನ್ನು ಹಿಡಿದರು. ಮೆಥನಾಲ್ ತಿಂದು ಬೆಳೆಯುವ ಅದರ ಗುಣವೇ ಅದಕ್ಕೆ ಬೆಲೆ ತಂದಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು, ಬೆಂಗಳೂರಿನ ಬಯೋಕಾನ್ 2004ರಲ್ಲಿ ಮನುಷ್ಯರ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದದ್ದು ಪಿಚಿಯಾ ಯೀಸ್ಟಿನಲ್ಲೇ ತಯಾರಿಸಿ. ಮರ ಸೋರಿದ ರಸವನ್ನು ಯಾರೋ ಕುತೂಹಲದಿಂದ ತಟ್ಟೆಗೆ ಗೀರಿದ್ದರು, ಅಷ್ಟೇ ಮೊದಲ ಹೆಜ್ಜೆ.

ಹೆಸರು ಹಚ್ಚಿ, ಕಾಪಿಟ್ಟುಕೊಳ್ಳಿ

ಆಕಾರ ನೋಡಿ ಜಾತಿ ಹೇಳಬೇಡಿ. ಯೀಸ್ಟಿನ ಡಿಎನ್‌ಎಯಲ್ಲಿ ಜಾತಿ ಗುರುತಿಸಲು ಬಳಸುವ ತುಣುಕೊಂದಿದೆ, 26ಎಸ್ ಆರ್‌ಡಿಎನ್‌ಎಯ ಡಿ1/ಡಿ2 ಭಾಗ. ಅದನ್ನು ಸೀಕ್ವೆನ್ಸಿಂಗ್ ಮಾಡಿಸಿ, ಅಂದರೆ ಅದರ ಅಕ್ಷರಗಳನ್ನು ಓದಿಸಿ, ಸುಮಾರು 600 ಅಕ್ಷರಗಳ ಆ ತುಣುಕನ್ನು ದತ್ತಸಂಚಯದ ಜೊತೆ ಹೋಲಿಸಿದರೆ ಹೆಚ್ಚಿನ ಸಲ ಹೆಸರು ಸಿಗುತ್ತದೆ. ಇದನ್ನು ಬಿಡಬೇಡಿ ಅನ್ನಲು ಕಾರಣವಿದೆ. ಹುದುಗಿದ ಹಣ್ಣಿನಲ್ಲಿ, ಕೋಕೊ ರಾಶಿಯಲ್ಲಿ ಧಾರಾಳವಾಗಿ ಸಿಗುವ ಪಿಚಿಯಾ ಕುಡ್ರಿಯಾವ್ಜೆವಿಯನ್ನೇ ಆಸ್ಪತ್ರೆಯವರು ಕ್ಯಾಂಡಿಡಾ ಕ್ರುಸೈ ಅನ್ನುತ್ತಾರೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಸೋಂಕು ತರಬಲ್ಲದು, ಫ್ಲುಕೊನಜೋಲ್ ಔಷಧಿಗೆ ಜಗ್ಗುವುದಿಲ್ಲ. ಹೆಸರು ಗೊತ್ತಾಗುವ ತನಕ ಕೈಗವಸು ಹಾಕಿ, ಕೆಲಸವಾದ ಮೇಲೆ ತಟ್ಟೆಗಳನ್ನು ಆಟೋಕ್ಲೇವ್ ಮಾಡಿ ಬಿಸಾಡಿ.

ಕಾಪಿಡಲು ಓರೆ ಅಗರ್ ಕೊಳವೆಯಲ್ಲಿ ಬೆಳೆಸಿ 4 ಡಿಗ್ರಿಯಲ್ಲಿಟ್ಟರೆ ಕೆಲವು ತಿಂಗಳು ಬದುಕುತ್ತದೆ. ವರ್ಷಗಟ್ಟಲೆ ಬೇಕಾದರೆ ಶೇ 20ರಷ್ಟು ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿ. ಚೀಟಿಯಲ್ಲಿ ಗಿಡ, ಊರು, ದಿನಾಂಕ, ಹಿಡಿದವರ ಹೆಸರು, ಎಷ್ಟು ಡಿಗ್ರಿಯಲ್ಲಿ ಬೆಳೆಯಿತು ಅನ್ನುವುದು ಇರಲಿ. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ, ಉತ್ತರಪ್ರದೇಶದ ಮವೂನಲ್ಲಿರುವ ಕೃಷಿ ಸೂಕ್ಷ್ಮಜೀವಿ ಕೇಂದ್ರ ಇಂಥ ಸಂಗ್ರಹಗಳನ್ನು ನಡೆಸುತ್ತವೆ. ಒಳ್ಳೆಯ ತಳಿ ಸಿಕ್ಕಿದರೆ ಅಲ್ಲಿಗೆ ಕೊಟ್ಟು ಸಂಖ್ಯೆ ಪಡೆಯಿರಿ. ವಿದೇಶದ ಗೆಳೆಯರೊಬ್ಬರು ಒಂದು ಕೊಳವೆ ಕಳಿಸು ಅಂದರೆ ಮಾತ್ರ ಸುಮ್ನೆ ಅಂಚೆಗೆ ಹಾಕಬೇಡಿ. 2002ರ ಜೈವಿಕ ವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಜೀವಿಯೂ ಜೈವಿಕ ಸಂಪನ್ಮೂಲವೇ, ಅದಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಮೊದಲು ಪಡೆಯಬೇಕು.